ಬಲಗಡೆಯ ಸ್ಪೀಕರು

ಊರಿನ ಅರ್ಧ ಲಿಫ್ಟುಗಳನ್ನು ರಿಪೇರಿ ಮಾಡುವ ಮನುಷ್ಯ ತಾನು ಮಾತ್ರ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿದ್ದ. ಹಾಗಾಗಿ ಸ್ಪೀಕರುಗಳನ್ನು ಒಂದೊಂದಾಗಿ ಹೆಗಲ ಮೇಲೆ ಹೊತ್ತೇ ತರಬೇಕಾಯಿತು. ಒಂದೊಂದೂ ಹದಿನಾಲ್ಕು ಕಿಲೋ. ಎರಡನೆಯದನ್ನು ತರುವಷ್ಟರಲ್ಲಿ ಅವನ ಅಂಗಿ ಹಿಂಡುವಷ್ಟು ಒದ್ದೆಯಾಗಿತ್ತು. ಹೆಂಡತಿ ಕೈ ಕೊಡಲು ಬಂದರೆ ಬಿಡಲಿಲ್ಲ.

“ಮುಂದುಗಡೆ ಮುಟ್ಟಬೇಡ, ಸ್ಪೀಕರಿನ ಬಟ್ಟೆ ಹರಿದುಹೋಗುತ್ತೆ.”

“ಮಗೂನ ಒಂದು ದಿನವಾದ್ರೂ ಇಷ್ಟು ಜೋಪಾನವಾಗಿ ಎತ್ತಿಕೊಂಡಿದ್ದೀರಾ?”

“ಮಗು ಹದಿನಾಲ್ಕು ಕಿಲೋ ಇಲ್ಲ.”

ಈ ಮನೆಯಲ್ಲಿ ಐದು ಜನ. ಲಿಫ್ಟ್ ಮೆಕ್ಯಾನಿಕ್ ಮಗ; ನೀರು ಸರಬರಾಜಿನ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುವ ಸೊಸೆ; ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರಾಗಿದ್ದು ನಿವೃತ್ತಳಾದ ಅತ್ತೆ; ಬಸ್ ಡ್ರೈವರಾಗಿದ್ದು, ಈಗ ಕಿಟಕಿಯ ಹತ್ತಿರ ಕುಳಿತು ಬೀದಿಯಲ್ಲಿ ಹೋಗುವ ಡ್ರೈವರುಗಳನ್ನೆಲ್ಲ ಬಯ್ಯುವ ಮಾವ; ಮತ್ತೆ ಐದು ತಿಂಗಳ ಹೆಣ್ಣುಮಗು. ಸೊಸೆಯ ರಜೆ ತಿಂಗಳ ಕೊನೆಗೆ ಮುಗಿಯುವುದಿತ್ತು. ಆಮೇಲೆ ಮಗುವನ್ನು ಬೀದಿಯ ಕೊನೆಯ ಶಿಶುಪಾಲನಾ ಕೇಂದ್ರಕ್ಕೆ ಬಿಡುವ ಯೋಚನೆಯಿತ್ತು. ಅದಕ್ಕೆಂದೇ ಒಂದು ವರ್ಷದ ಶುಲ್ಕ ಕೂಡಿಟ್ಟಿದ್ದರು. “ನಾನಿರುವಾಗ ಕೂಸು ಬೇರೆಯವರ ಕೈಗೆ ಯಾಕೆ ಹೋಗಬೇಕು?” ಎಂದು ಅತ್ತೆ ಪಟ್ಟು ಹಿಡಿದಳು. ಸೊಸೆ ಎರಡು ದಿನ ಯೋಚಿಸಿ ಒಪ್ಪಿಕೊಂಡಳು. ಉಳಿದ ಆ ದುಡ್ಡೇ ಈಗ ಎರಡು ಸ್ಪೀಕರು ಮತ್ತು ಒಂದು ಆಂಪ್ಲಿಫೈಯರಾಗಿ ಮೆಟ್ಟಿಲು ಹತ್ತಿ ಬಂದಿತ್ತು.

ಮಗ ಇದಕ್ಕಾಗಿ ನಾಲ್ಕು ತಿಂಗಳು ಅಂಗಡಿಗೆ ಅಲೆದಿದ್ದ. ಅಂಗಡಿಯಾತ ಸುಮ್ಮನೆ ಮಾಲು ಕಟ್ಟಿಕೊಡುವ ಪೈಕಿಯಲ್ಲ. ಕೋಣೆ ಎಷ್ಟು ಉದ್ದ, ಎಷ್ಟು ಅಗಲ, ನೆಲದ ಮೇಲೆ ಜಮಖಾನೆ ಇದೆಯೋ ಬರೀ ಕಲ್ಲೋ, ಪರದೆ ದಪ್ಪವೋ ತೆಳುವೋ ಎಂದು ಎಲ್ಲ ಚೀಟಿಯಲ್ಲಿ ಬರೆಸಿಕೊಂಡ. ಮಗ ಆಸೆಪಟ್ಟ ದೊಡ್ಡ ಸ್ಪೀಕರುಗಳನ್ನು ಕೊಡಲೇ ಇಲ್ಲ.

“ನೀವು ಆರಿಸಿರೋ ಆಂಪ್ಲಿಫೈಯರು ಇವನ್ನ ಎಳೆಯಲ್ಲ. ಇವು ನಾಲ್ಕು ಓಮಿನವು, ಕರೆಂಟು ಜಾಸ್ತಿ ಕೇಳ್ತವೆ. ಅರ್ಧ ಗಂಟೇಲಿ ಆಂಪ್ಲಿಫೈಯರು ಕಾದು ಹೆಂಚಾಗುತ್ತೆ. ಎಂಟು ಓಮಿನವು ತಗೊಳ್ಳಿ. ನಿಮ್ಮ ಕೋಣೆಗೆ ಅದೇ ಜಾಸ್ತಿ.”

ಲಿಫ್ಟಿನವನಿಗೆ ಈ ಮಾತು ತಕ್ಷಣ ಹಿಡಿಸಿತು. ಎಂಟು ಜನ ಹತ್ತುವ ಲಿಫ್ಟಿಗೆ ನಾಲ್ಕು ಜನರ ಮೋಟಾರು ಕೂರಿಸಿದರೆ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮನೆಗೆ ಬಂದು ಊಟದ ಹೊತ್ತಿನಲ್ಲಿ ಅದನ್ನೇ ಮೂರು ಸಲ ಹೇಳಿದ. “ನನ್ನನ್ನ ಅರ್ಧ ಗಂಟೇಲಿ ಒಪ್ಪಿಕೊಂಡ್ರಿ, ಈ ಡಬ್ಬಗಳಿಗೆ ನಾಲ್ಕು ತಿಂಗಳು,” ಎಂದಳು ಹೆಂಡತಿ. “ಅದಕ್ಕೇ ಈ ಸಲ ಹುಷಾರಾಗಿದ್ದೀನಿ,” ಎಂದು ಅವನು ತಟ್ಟೆಯಿಂದ ತಲೆ ಎತ್ತದೆ ಹೇಳಿದ.

ಭಾನುವಾರ ಮಧ್ಯಾಹ್ನ ಅಳತೆ ಟೇಪು ಹಿಡಿದು ನಡುಮನೆಯನ್ನೇ ತಲೆಕೆಳಗು ಮಾಡಿದ. ಎರಡು ಸ್ಪೀಕರು, ಒಂದು ಕುರ್ಚಿ, ಮೂರರ ನಡುವೆಯೂ ಒಂದೇ ಅಂತರ ಇರಬೇಕು. ಅದಕ್ಕಾಗಿ ತೊಟ್ಟಿಲು ಒಳಕೋಣೆಗೆ ಹೋಯಿತು, ಬಟ್ಟೆ ಒಣಗಿಸುವ ಸ್ಟ್ಯಾಂಡು ಬಾಲ್ಕನಿಗೆ ಹೋಯಿತು, ಮಾವನ ಕುರ್ಚಿ ಕಿಟಕಿ ಬಿಟ್ಟು ಬಾಗಿಲ ಹಿಂದೆ ಸೇರಿತು. “ಬಾಗಿಲ ಹಿಂದೆ ಯಾವ ಬಸ್ಸು ಬರುತ್ತೋ?” ಎಂದು ಮಾವ ಕೇಳಿದ. ಮಗ ಕುರ್ಚಿಯ ಕಾಲುಗಳ ಸುತ್ತ ಸೀಮೆಸುಣ್ಣದಿಂದ ಗುರುತು ಮಾಡಿ, ಒಬ್ಬ ಹೆಂಗಸು ಹಾಡಿದ ನಿಧಾನದ ಹಾಡೊಂದನ್ನು ಹಾಕಿ, ಮನೆಯವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಕೇಳಿದ: “ಧ್ವನಿ ಎಲ್ಲಿಂದ ಬರ್ತಿದೆ?”

“ಮಧ್ಯದಿಂದ,” ಎಂದಳು ಸೊಸೆ. ಅವಳಿಗೂ ಆಶ್ಚರ್ಯವಾಯಿತು. “ಅಲ್ಲೇನೂ ಇಲ್ಲ. ಆದರೂ ಅಲ್ಲೇ ನಿಂತು ಹಾಡಿದ ಹಾಗಿದೆ.”

“ಗೋಡೆ ಒಳಗಿಂದ,” ಎಂದ ಮಾವ. “ಪಕ್ಕದ ಮನೆಯವರಿಗೆ ಇವತ್ತಿಂದ ಗ್ರಹಚಾರ.”

ಕೊನೆಗೆ ಅತ್ತೆ ಕುಳಿತಳು. ಕಣ್ಣು ಮುಚ್ಚಿ ಒಂದು ನಿಮಿಷ ಕೇಳಿದಳು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

“ಎಡಗಡೆಯಿಂದ. ಬಲಗಡೆಯದು ಕಂಬಳಿ ಹೊದ್ದುಕೊಂಡು ಹಾಡ್ತಿರೋ ಹಾಗಿದೆ.”

ಹೇಳಿ ಕಣ್ಣು ಬಿಟ್ಟರೆ ಮಗನ ಮುಖ ಇಳಿದುಹೋಗಿತ್ತು. ಎಲ್ಲರೂ ಬೇರೆ ಏನೋ ಹೇಳಿದ್ದಾರೆಂದು ಅವಳಿಗೆ ಆಗ ಗೊತ್ತಾಯಿತು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅತ್ತೆಯ ಬಲಗಿವಿಯಲ್ಲಿ ಶಿಳ್ಳೆ ಹೊಡೆದಂತೆ ಸದ್ದು ಶುರುವಾಗಿತ್ತು. ಒಂದು ವಾರದ ನಂತರ ಸದ್ದು ನಿಂತಿತು. ಜೊತೆಗೆ ಕಿವಿಯೂ ನಿಂತಿತು. ಅವಳು ಮಂಡಿನೋವೆಂದು ಮನೆಯಲ್ಲಿ ಹೇಳಿ ಕಿವಿಯ ಡಾಕ್ಟರ ಹತ್ತಿರ ಹೋದಳು. ಬಂದದ್ದು ತಡವಾಯಿತು, ನರ ಸತ್ತುಹೋಗಿದೆ, ಇನ್ನೊಂದು ಕಿವಿ ಚೆನ್ನಾಗಿದೆ ಎಂದರು ಡಾಕ್ಟರು. ಅವಳು ಯಾರಿಗೂ ಹೇಳಲಿಲ್ಲ. ಎಕ್ಸ್‌ಚೇಂಜಿನಲ್ಲಿ ಅವಳಿಗೆ ಕಿವಿಯಮ್ಮ ಎಂದೇ ಹೆಸರು. ‘ಹಲೋ’ ಎನ್ನುವ ಮೊದಲೇ, ಬರೀ ಉಸಿರಿನಲ್ಲಿ, ಫೋನು ಮಾಡಿದವರು ಯಾರೆಂದು ಹೇಳುತ್ತಿದ್ದಳು. ಆ ಹೆಸರಿನ ಹೆಮ್ಮೆಗೆ ಮೊದಲು ಸುಮ್ಮನಿದ್ದಳು. ಆಮೇಲೆ ಮಗು ಹುಟ್ಟಿತು. ಒಂದೇ ಕಿವಿಯ ಮುದುಕಿಯ ಹತ್ತಿರ ಸೊಸೆ ಮಗುವನ್ನು ಬಿಡುವುದಿಲ್ಲವೆಂದು ಅವಳಿಗೆ ಖಂಡಿತ ಗೊತ್ತಿತ್ತು. ಅಂಥ ಸೊಸೆ ಅದು. ನಲ್ಲಿ ನೀರನ್ನೂ ಎರಡು ಸಲ ಮೂಸಿ ಕುಡಿಯುವವಳು. ಆದರೆ ಅತ್ತೆಗೆ ಆ ಮಗು ತನ್ನ ಕೈಯಲ್ಲೇ ಬೆಳೆಯಬೇಕಿತ್ತು. ತನ್ನ ಮಗನನ್ನು ಎಕ್ಸ್‌ಚೇಂಜಿನ ಪಾಳಿಗಳ ನಡುವೆ ಅವರಿವರ ಮನೆಯಲ್ಲಿ ಬಿಟ್ಟು ಬೆಳೆಸಿದ್ದಳು. ಅವನು ಮೊದಲ ಹೆಜ್ಜೆ ಇಟ್ಟದ್ದನ್ನು ಪಕ್ಕದ ಮನೆಯಾಕೆಯ ಬಾಯಿಂದ ಕೇಳಿ ತಿಳಿದವಳು. ಈ ಸಲ ಹಾಗಾಗಬಾರದೆಂದು ಅವಳಿಗೆ ಹಟವಿತ್ತು.

ಬೇರೆ ಯಾವ ಮನೆಯಲ್ಲಾದರೂ ಮಗ ‘ಅಮ್ಮನಿಗೆ ವಯಸ್ಸಾಯಿತು’ ಎಂದುಕೊಂಡು ಹಾಡು ಕೇಳುತ್ತಿದ್ದ. ಇವನು ಹಾಗಲ್ಲ. ಚಿಕ್ಕಂದಿನಲ್ಲಿ ಶಾಲೆಗೆ ಚಕ್ಕರ್ ಹೊಡೆದು ಬೂತಿನಿಂದ ಫೋನು ಮಾಡಿದರೆ, ಹಿಂದೆ ಕೇಳುವ ರೈಲಿನ ಸದ್ದಿನಿಂದ ಇಂಥ ಗೇಟಿನ ಹತ್ತಿರ ಇದ್ದೀಯ ಎಂದು ಹೇಳಿದ ತಾಯಿ ಅವಳು. ಅವಳ ಕಿವಿ ತಪ್ಪಬಹುದೆಂಬ ಯೋಚನೆಯೇ ಅವನಿಗೆ ಬರಲಿಲ್ಲ.

“ನಮಗೆ ಯಾರಿಗೂ ತಿಳಿಯಲಿಲ್ಲ ನೋಡು. ಅಮ್ಮ ಒಂದು ನಿಮಿಷದಲ್ಲಿ ಹಿಡಿದಳು. ಬಲಗಡೆ ಚಾನೆಲ್ ವೀಕು,” ಎಂದು ಮರುದಿನವೇ ಆಂಪ್ಲಿಫೈಯರನ್ನು ಹೊತ್ತು ಮೆಟ್ಟಿಲಿಳಿದ.

ಅಂಗಡಿಯಾತ ಅದನ್ನು ಮೀಟರಿಗೆ ಹಾಕಿ ನೋಡಿದ. ಎರಡು ಕಡೆಯೂ ಸಮ ಇತ್ತು. ಆದರೂ ಹಳೇ ಗಿರಾಕಿಯಂತೆ ನಾಲ್ಕು ತಿಂಗಳು ಅಲೆದವನು ಎಂಬ ಮರ್ಯಾದೆಗೆ ಬೇರೆ ಪೆಟ್ಟಿಗೆ ಒಡೆದು ಹೊಸದನ್ನು ಕೊಟ್ಟ.

ಈ ಸಲ ಅತ್ತೆ ಸಿದ್ಧವಾಗಿದ್ದಳು. ಕುರ್ಚಿಯಲ್ಲಿ ಕುಳಿತು, ಕಣ್ಣು ಮುಚ್ಚಿ, ತಲೆಯಾಡಿಸಿ, “ಈಗ ಸರಿಯಾಯ್ತು ಕಣೋ. ಮಧ್ಯದಿಂದ ಬರ್ತಿದೆ,” ಎಂದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಆದರೆ ಮಗ ಮೆಕ್ಯಾನಿಕ್. ಲಿಫ್ಟು ಸರಿಹೋಯಿತೆಂದು ಯಾರಾದರೂ ಹೇಳಿದರೆ ತಾನೇ ಒಂದು ಸಲ ಬೇಕೆಂದೇ ಕೆಡಿಸಿ ನೋಡುವುದು ಅವನ ಪದ್ಧತಿ. ಅಮ್ಮ ಕಣ್ಣು ಮುಚ್ಚಿದಾಗ ಅವನು ಬ್ಯಾಲೆನ್ಸಿನ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿದ್ದ. ಎಡಗಡೆಯ ಸ್ಪೀಕರು ಉಸಿರೇ ಎತ್ತುತ್ತಿರಲಿಲ್ಲ.

“ಅಮ್ಮ, ಬಲಗಡೆ ಒಂದೇ ಹಾಡ್ತಿದೆ. ಮಧ್ಯ ಅಂತೀಯಾ?”

ಮಗ ಹಣೆ ತಿಕ್ಕಿಕೊಂಡು ಐದು ನಿಮಿಷ ಯೋಚಿಸಿದ. ಆಮೇಲೆ ಅವನ ಮುಖ ಅರಳಿತು.

“ಗೊತ್ತಾಯ್ತು. ಸದ್ದು ಎಲ್ಲೋ ಸೋರ್ತಿದೆ. ಎಡಗಡೆ ಚೂರು ಚೂರು ಹೋಗ್ತಿದೆ, ನಮ್ಮ ಕಿವಿಗೆ ಸಿಗಲ್ಲ, ಅಮ್ಮನಿಗೆ ಸಿಗುತ್ತೆ. ಆಂಪ್ಲಿಫೈಯರಿಗೂ ಸ್ಪೀಕರಿಗೂ ಜೋಡಿ ಕೂಡ್ತಿಲ್ಲ.”

“ರೀ, ನನಗೆ ಚೆನ್ನಾಗೇ ಕೇಳಿಸ್ತಿದೆ,” ಎಂದಳು ಸೊಸೆ.

“ನಿನಗೆ ಕೇಳಿಸುತ್ತೆ. ನಿನ್ನ ಕಿವಿ ಮಾಮೂಲಿ ಕಿವಿ.”

ಆ ವಾರ ಊಟದ ಮೇಜಿನಲ್ಲಿ ಬೇರೆ ಮಾತೇ ಇರಲಿಲ್ಲ. ತಂತಿ ತೆಳುವಾಯಿತೆಂದು ದಪ್ಪ ತಂತಿ ತಂದ. ಸ್ಪೀಕರಿನ ಕೆಳಗೆ ಕಲ್ಲು ಇಟ್ಟ, ಕಲ್ಲು ತೆಗೆದು ರಬ್ಬರು ಇಟ್ಟ. ಹೊದೆಯುವ ರಗ್ಗನ್ನು ಬಲಗಡೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. ಪ್ರತಿಯೊಂದಕ್ಕೂ ಅಮ್ಮನನ್ನು ಕರೆದು ಕೂರಿಸುತ್ತಿದ್ದ. ಅತ್ತೆ ಒಮ್ಮೆ ಸರಿ ಎನ್ನುವಳು, ಒಮ್ಮೆ ಸ್ವಲ್ಪ ಮಂಕು ಎನ್ನುವಳು. ಯಾವುದು ಹೇಳಿದರೆ ಯಾವ ಬಲೆಗೆ ಬೀಳುತ್ತೇನೋ ಎಂದು ತಿಳಿಯದೆ ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಓಡುವಳು. ದಿನಕ್ಕೆ ಮೂರು ಸಲ ಹಾಲು ಕಾಯುತ್ತಿತ್ತು.

“ಅತ್ತೆಯನ್ನ ಬಿಡ್ರಿ,” ಎಂದಳು ಸೊಸೆ, ಮಗುವಿನ ಬಟ್ಟೆ ಮಡಿಸುತ್ತಾ. “ನಾನು ಕೆಲಸಕ್ಕೆ ಹೋಗೋಕೆ ಇನ್ನು ಹನ್ನೆರಡು ದಿನ ಇದೆ. ಮಗು ಯಾವಾಗ ಮಲಗುತ್ತೆ, ಏನು ಕುಡಿಯುತ್ತೆ ಅಂತ ಅವರಿಗೆ ಹೇಳಿಕೊಡೋಣ ಅಂದ್ರೆ ಅವರು ಯಾವಾಗ ನೋಡಿದರೂ ನಿಮ್ಮ ಕುರ್ಚೀಲಿರ್ತಾರೆ.”

“ನನಗೇನಮ್ಮಾ ಹೇಳಿಕೊಡ್ತೀಯ, ಇವನನ್ನ ಹೆತ್ತವಳು ನಾನು,” ಎಂದಳು ಅತ್ತೆ.

“ಹೆತ್ತಿದ್ದು ಸರಿ. ಹೇಗೆ ಬೆಳೆದಿದ್ದಾನೆ ನೋಡು,” ಎಂದ ಮಾವ ಬಾಗಿಲ ಹಿಂದಿನಿಂದ.

ಶನಿವಾರ ಮಗ ಸ್ಪೀಕರು ಎರಡನ್ನೂ ಹೊತ್ತು ಅಂಗಡಿಗೆ ಹೋದ. ಅಂಗಡಿಯಲ್ಲಿ ಗಂಡಹೆಂಡತಿ ಗಿರಾಕಿಗಳು ಒಂದು ದೊಡ್ಡ ಸೆಟ್ಟಿಗೆ ಮುಂಗಡ ಕೊಡಲು ಕೈಯಲ್ಲಿ ಹಣ ಹಿಡಿದು ನಿಂತಿದ್ದರು. ಮಗ ಅದನ್ನು ನೋಡಲೂ ಇಲ್ಲ.

“ಯಜಮಾನ್ರೇ, ಹಳೇ ಮಾಲಿಗೆ ಹೊಸ ಡಬ್ಬ ಹಾಕಿ ಕೊಟ್ಟಿದ್ದೀರ ನೀವು.”

ಅಂಗಡಿಯಾತ ಕನ್ನಡಕ ತೆಗೆದ. “ಏನಂದ್ರಿ?”

“ಬಲಗಡೆಯದು ಮಂಕು. ನಮ್ಮಮ್ಮ ಮೂವತ್ತೊಂದು ವರ್ಷ ಎಕ್ಸ್‌ಚೇಂಜಿನಲ್ಲಿದ್ದವರು. ಅವರ ಕಿವಿಗಿಂತ ನಿಮ್ಮ ಮೀಟರು ದೊಡ್ಡದಾ?”

“ಇಪ್ಪತ್ತಾರು ವರ್ಷ ಆಯ್ತು ಈ ಅಂಗಡಿ ಇಟ್ಟು. ಒಬ್ಬನೇ ಒಬ್ಬ ಬಂದು ಈ ಮಾತು ಅಂದಿಲ್ಲ.”

“ಅವರ ಮನೇಲಿ ನಮ್ಮಮ್ಮನಂಥವರು ಇರಲಿಲ್ಲ.”

ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಬರುತ್ತೇವೆಂದು ಹಣವನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು. ಅಂಗಡಿಯಾತ ಅವರು ಬೀದಿ ದಾಟುವವರೆಗೂ ನೋಡುತ್ತಾ ನಿಂತಿದ್ದ. ಆಮೇಲೆ, “ನಾಳೆ ನಾನೇ ಮನೆಗೆ ಬರ್ತೀನಿ. ನಿಮ್ಮ ತಾಯಿಯವರ ಮುಂದೇ ನೋಡೋಣ,” ಎಂದ. ಮಗ ಸ್ಪೀಕರುಗಳನ್ನು ಮತ್ತೆ ಮನೆಗೆ ಹೊತ್ತು ತಂದು, ಇದನ್ನು ಗೆದ್ದವನ ಹಾಗೆ ಹೇಳಿದ. ಗಿರಾಕಿಗಳು ಹೊರಟುಹೋದದ್ದನ್ನೂ ಸೇರಿಸಿ ಹೇಳಿದ. ಅತ್ತೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಿದಳು.

“ಅವರಿಗೆ ಹಾಗೆ ಯಾಕೆ ಅಂದೆ?”

“ನೀನೇ ತಾನೇ ಹೇಳಿದ್ದು?”

ಅತ್ತೆ ಮತ್ತೆ ತರಕಾರಿ ಹೆಚ್ಚತೊಡಗಿದಳು.

ಭಾನುವಾರ ಹನ್ನೊಂದಕ್ಕೆ ಅಂಗಡಿಯಾತ ಬಂದ. ಅರವತ್ತು ದಾಟಿದವನು, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ, ಕಂಕುಳಲ್ಲಿ ಮೀಟರಿನ ಪೆಟ್ಟಿಗೆ. ಸೊಸೆ ನೀರು ಕೊಟ್ಟಳು. ಅವನು ಕುಳಿತುಕೊಳ್ಳಲಿಲ್ಲ.

“ಅಮ್ಮ, ನೀವು ಕೂತ್ಕೊಳ್ಳಿ. ನಾನು ತಂತಿ ಅದಲುಬದಲು ಮಾಡ್ತೀನಿ. ಯಾವಾಗ ಮಾಡಿದೆ ಅಂತ ಹೇಳಲ್ಲ. ಮಂಕು ಯಾವ ಕಡೆ ಅಂತ ಮಾತ್ರ ಹೇಳಿ. ತಪ್ಪು ಆಂಪ್ಲಿಫೈಯರಿನಲ್ಲಿದ್ದರೆ ಮಂಕು ಎಡಗಡೆ ಬರಬೇಕು.”

ಅವಳು ಕುಳಿತಳು. ಹಾಡು ಶುರುವಾಯಿತು. “ಬಲಗಡೆ,” ಎಂದಳು. ಅವನು ತಂತಿ ಬದಲಿಸಿದ. “ಬಲಗಡೆ,” ಎಂದಳು. ಇಂಥ ಮನುಷ್ಯನ ಮುಂದೆ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

“ಆಂಪ್ಲಿಫೈಯರು ಸರಿಯಾಗಿದೆ ಅಂತಾಯ್ತು,” ಎಂದು ಅಂಗಡಿಯಾತ ಮಗನ ಕಡೆ ನೋಡಿದ. ಆಮೇಲೆ ಇಬ್ಬರೂ ಸೇರಿ ಎಡಗಡೆಯ ಸ್ಪೀಕರನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಇಟ್ಟರು. ಹಾಡು ಮತ್ತೆ ಶುರುವಾಯಿತು.

“ಬಲಗಡೆ.”

“ಸ್ಪೀಕರೂ ಸರಿಯಾಗಿದೆ.”

“ಹಾಗಾದ್ರೆ ಕೋಣೆ,” ಎಂದ ಮಗ. “ನಾನು ಮೊದಲಿಂದ ಹೇಳ್ತಿದ್ದೀನಿ, ಆ ಗೋಡೇಲೇ ಏನೋ ಇದೆ.”

ಅಂಗಡಿಯಾತ ಗೋಡೆಗೆ ಹೊಡೆದ ರಗ್ಗನ್ನು ನೋಡಿದ. ಕುರ್ಚಿಯನ್ನು ನೋಡಿದ. “ಅಮ್ಮ, ಒಂದು ನಿಮಿಷ ಏಳಿ,” ಎಂದು ಕುರ್ಚಿಯನ್ನು ಪೂರ್ತಿ ಹಿಂದುಮುಂದು ತಿರುಗಿಸಿದ. ಈಗ ಸ್ಪೀಕರುಗಳು ಅವಳ ಬೆನ್ನ ಹಿಂದಿದ್ದವು. ಗೋಡೆಯ ಪಕ್ಕದ ಸ್ಪೀಕರು ಅವಳ ಎಡಗೈ ಕಡೆಗೆ ಬಂದಿತ್ತು. ಹಾಡು ಹಾಕಿದ. “ಈಗ?”

ಅತ್ತೆ ಬಲಗೈ ಎತ್ತಿ ತೋರಿಸಿದಳು. ಅದು ಕಿಟಕಿಯ ಕಡೆಯ ಸ್ಪೀಕರು, ಇಷ್ಟು ದಿನ ಚೆನ್ನಾಗಿ ಹಾಡುತ್ತಿದೆ ಎಂದು ಅವಳಿಂದಲೇ ಹೆಸರು ಪಡೆದಿದ್ದ ಕಡೆ.

ಅಂಗಡಿಯಾತನಿಗೆ ಅರ್ಥವಾಯಿತು. ಅವನು ಹಾಡು ನಿಲ್ಲಿಸಿ, ತಂತಿಯನ್ನು ಸುಮ್ಮನೆ ಬೆರಳಿಗೆ ಸುತ್ತುತ್ತಾ ನಿಂತ. “ಕೋಣೆಯದೇ ಇರಬಹುದು, ಬಿಡಿ. ಸ್ಪೀಕರು ವಾಪಸ್ ತಗೊಳ್ತೀನಿ. ಹಣ ಕೊಡ್ತೀನಿ,” ಎಂದ. ತನ್ನ ಮಾಲು ಸರಿಯಿದೆಯೆಂದು ಕಣ್ಣಾರೆ ಕಂಡ ಮೇಲೆ ಹಾಗೆ ಹೇಳಿದ.

ಮಗ ಸೊಂಟದ ಮೇಲೆ ಕೈಯಿಟ್ಟು, “ಮೊದಲೇ ಒಪ್ಪಿಕೊಂಡಿದ್ರೆ ಆಗ್ತಿರಲಿಲ್ವಾ?” ಎಂದ.

“ಬಾಯಿ ಮುಚ್ಚೋ,” ಎಂದಳು ಅತ್ತೆ. ತಾಯಿ ಹಾಗೆ ಗದರಿದ್ದು ಅವನಿಗೆ ಹತ್ತು ವರ್ಷದಿಂದ ನೆನಪಿರಲಿಲ್ಲ. ಅವಳು ಕುರ್ಚಿಯಿಂದ ಎದ್ದು ಅಂಗಡಿಯಾತನ ಮುಂದೆ ನಿಂತಳು. “ನಿಮ್ಮ ಮಾಲಿನಲ್ಲಿ ಏನೂ ತಪ್ಪಿಲ್ಲ. ನನ್ನ ಬಲಗಿವಿ ಹೋಗಿ ಎರಡು ವರ್ಷ ಆಯ್ತು. ಒಂದು ಚೂರೂ ಕೇಳಿಸಲ್ಲ. ನಿಮಗೆ ಕೆಟ್ಟ ಹೆಸರು ತಂದೆ. ಕ್ಷಮಿಸಿ.”

ಅಂಗಡಿಯಾತ, “ಅಯ್ಯೋ, ಇರಲಿ ಬಿಡಿ ಅಮ್ಮ,” ಎಂದು ಮೀಟರನ್ನು ತೆರೆಯದೆಯೇ ಎತ್ತಿಕೊಂಡ. ಮಗ ಬೆಪ್ಪಾಗಿ ನಿಂತಿದ್ದ. ಆಮೇಲೆ ಓಡಿಹೋಗಿ ಮೆಟ್ಟಿಲಲ್ಲಿ ಅವನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು ಬೀದಿಯವರೆಗೆ ಹೊತ್ತುಕೊಟ್ಟು ಬಂದ. ಅಲ್ಲಿ ಏನು ಹೇಳಿದನೋ, ಮುಖ ಕೆಂಪಗೆ ಮಾಡಿಕೊಂಡೇ ವಾಪಸಾದ.

ಮೊದಲು ಮಾತಾಡಿದ್ದು ಮಾವ. ಬಾಗಿಲ ಹಿಂದಿನ ಕುರ್ಚಿಯಿಂದ ಎದ್ದು ಬಂದು ಹೆಂಡತಿಯ ಮುಂದೆ ನಿಂತ.

“ಎರಡು ವರ್ಷ?”

“ಹೂಂ.”

“ಊಟಕ್ಕೆ ಕೂತಾಗ ನಾನು ನಿನ್ನ ಬಲಗಡೆ ಕೂತ್ಕೊಳ್ಳೋದು. ಏನು ಕೇಳಿದ್ರೂ ನೀನು ತುಟಿಪಿಟಿಕ್ ಅಂತಿರಲಿಲ್ಲ. ನಿನ್ನ ತಂಗಿ ಗಂಡನಿಗೆ ಅವತ್ತು ಬೈದೆನಲ್ಲ, ಆ ಸಿಟ್ಟು ಅಂದ್ಕೊಂಡಿದ್ದೆ ಕಣೇ. ಅದಕ್ಕೇ ದಿನಾ ಬೆಳಿಗ್ಗೆ ಎದ್ದು ಕಾಫಿ ಮಾಡಿಕೊಡ್ತಿದ್ದೀನಿ.”

“ಅದಕ್ಕಾ?” ಎಂದಳು ಅತ್ತೆ. “ನಾನು ನಿಮಗೆ ಬುದ್ಧಿ ಬಂತು ಅಂದ್ಕೊಂಡಿದ್ದೆ.”

ಮಾವ ನಗಲಿಲ್ಲ. ಎರಡು ವರ್ಷ ತಾನು ಹೇಳಿದ ಮಾತುಗಳು ಎಲ್ಲಿಗೆ ಹೋದವೆಂದು ಲೆಕ್ಕ ಹಾಕುವವನಂತೆ ನೆಲ ನೋಡುತ್ತಿದ್ದ. ಅವನಿಗೆ ತುಂಬ ನೋವಾಗಿತ್ತು.

ಸೊಸೆ ಮಾತ್ರ ಮಗುವನ್ನು ಎದೆಗವಚಿಕೊಂಡು ಒಳಬಾಗಿಲಲ್ಲಿ ನಿಂತಿದ್ದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಮಗು ಅತ್ತರೆ?”

“ಕೇಳಿಸುತ್ತೆ. ಎಡಗಿವಿ ಚೆನ್ನಾಗಿದೆ. ಆದರೆ ಯಾವ ಕಡೆಯಿಂದ ಅಂತ ಗೊತ್ತಾಗಲ್ಲ. ಎಲ್ಲ ಎಡಗಡೆಯಿಂದಲೇ ಬಂದ ಹಾಗಿರುತ್ತೆ.”

“ಮತ್ತೆ ಹೇಗೆ ಹೋಗ್ತೀರಿ?”

“ಹುಡುಕ್ತೀನಿ. ಮೂರು ಕೋಣೆ, ಒಂದು ಅಡುಗೆಮನೆ. ಎಷ್ಟು ಹೊತ್ತು ಬೇಕು?”

“ನಾಳೆ ಅವಳು ಅಂಬೆಗಾಲಿಡ್ತಾಳೆ. ಆಮೇಲೆ ನಡೀತಾಳೆ. ಬಾಲ್ಕನಿ ಇದೆ, ಮೆಟ್ಟಿಲಿದೆ. ನನಗೆ ಹೇಳಬೇಕು ಅನ್ನಿಸಲಿಲ್ವಾ ನಿಮಗೆ?”

“ಹೇಳಿದ್ರೆ ಬಿಡ್ತಿದ್ದೆಯಾ?”

“ಇಲ್ಲ.”

“ಅದಕ್ಕೇ ಹೇಳಲಿಲ್ಲ.”

ಸೊಸೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಶಿಶುಪಾಲನಾ ಕೇಂದ್ರಕ್ಕೆ ಫೋನು ಮಾಡಿ ಜಾಗ ಇದೆಯೇ ಎಂದು ಕೇಳುವುದು ಹೊರಗೆ ಎಲ್ಲರಿಗೂ ಕೇಳಿಸಿತು. ಅತ್ತೆಗೂ ಕೇಳಿಸಿತು. ಜಾಗವಿತ್ತು. ಕಟ್ಟಲು ದುಡ್ಡಿರಲಿಲ್ಲ. ಸ್ಪೀಕರನ್ನು ವಾಪಸ್ ಕೊಟ್ಟುಬಿಡುತ್ತೇನೆ ಎಂದ ಮಗ, ಸಣ್ಣ ಧ್ವನಿಯಲ್ಲಿ. ಕಳ್ಳ ಎಂದು ಬೈದು ಬಂದ ಅಂಗಡಿಗೆ ಯಾವ ಮುಖ ಹೊತ್ತುಕೊಂಡು ಹೋಗುತ್ತೀರಿ ಎಂದು ಸೊಸೆ ಒಳಗಿನಿಂದಲೇ ಕೇಳಿದಳು. ಆ ದಿನ ಎಲ್ಲರೂ ಬೇರೆಬೇರೆ ಹೊತ್ತಿಗೆ ಊಟ ಮಾಡಿದರು.

ಮುಂದಿನ ವಾರ ಮನೆ ಮೇಲ್ನೋಟಕ್ಕೆ ತಣ್ಣಗಿತ್ತು. ಸೊಸೆ ಅತ್ತೆಯೊಡನೆ ಬೇಕಾದಷ್ಟೇ ಮಾತಾಡಿದಳು. ಮಾವ ಮೇಜಿನಲ್ಲಿ ಹೆಂಡತಿಯ ಎಡಗಡೆಗೆ ಜಾಗ ಬದಲಿಸಿದ. ಎರಡು ವರ್ಷದ ಬಾಕಿ ಮಾತುಗಳನ್ನೆಲ್ಲ ಆಡತೊಡಗಿದ. ಅತ್ತೆಗೆ ಮೂರನೇ ದಿನಕ್ಕೆ ಸಾಕಾಗಿಹೋಯಿತು. ಮಗನಿಗೆ ಆ ವಾರ ರಾತ್ರಿ ಪಾಳಿ, ಹಗಲು ಮನೆಯಲ್ಲಿರುತ್ತಿದ್ದ. ರಗ್ಗು ಇಳಿಸಿ, ರಬ್ಬರು ತೆಗೆದು, ಎಲ್ಲವನ್ನೂ ಮೊದಲಿದ್ದ ಹಾಗೆ ಜೋಡಿಸಿದ. ತಪ್ಪೇ ಇಲ್ಲದ ಸೆಟ್ಟು ಅದು, ಈಗ ಅವನಿಗೂ ಗೊತ್ತಿತ್ತು. ಮಧ್ಯಾಹ್ನ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದರೆ ಆ ಹೆಂಗಸು ಸರಿಯಾಗಿ ಮಧ್ಯದಲ್ಲಿ ನಿಂತು ಹಾಡುತ್ತಿದ್ದಳು. ನಾಚಿಕೆ ಎಷ್ಟಿದ್ದರೂ ಕೇಳುವುದನ್ನು ಬಿಡಲು ಅವನಿಂದ ಆಗಲಿಲ್ಲ.

ಸೊಸೆ ಏನು ಮಾಡುತ್ತಿದ್ದಾಳೆಂದು ಯಾರೂ ಗಮನಿಸಲಿಲ್ಲ. ಮಗುವನ್ನು ಒಂದು ದಿನ ತೊಟ್ಟಿಲಲ್ಲಿ, ಒಂದು ದಿನ ತಮ್ಮ ಕೋಣೆಯ ಮಂಚದ ಪಕ್ಕ ನೆಲದ ಮೇಲೆ, ಒಂದು ದಿನ ಅತ್ತೆಮಾವನ ಕೋಣೆಯಲ್ಲಿ ಮಲಗಿಸುತ್ತಿದ್ದಳು. ತಾನು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಾ ನಿಲ್ಲುವಳು. ಮಗು ಎದ್ದು ಅತ್ತರೆ ಹೋಗುತ್ತಿರಲಿಲ್ಲ. ಕೈಗಡಿಯಾರ ನೋಡುವಳು. ಲ್ಯಾಬಿನಲ್ಲಿ ನೀರಿನ ಮಾದರಿಗೆ ಮಾಡುವ ಹಾಗೆ ಗಂಟೆ, ಜಾಗ, ಎಷ್ಟು ಸೆಕೆಂಡು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳುವಳು. ಅತ್ತೆ ಕೈಯಲ್ಲಿದ್ದ ಚಾಕುವನ್ನೋ ಪೊರಕೆಯನ್ನೋ ಅಲ್ಲೇ ಬಿಟ್ಟು ಏಳುವಳು. ಒಂದು ಕೋಣೆಗೆ ನುಗ್ಗುವಳು, ಅಲ್ಲಿಲ್ಲದಿದ್ದರೆ ಇನ್ನೊಂದಕ್ಕೆ. ಮಂಡಿನೋವು ಸುಳ್ಳೇನೂ ಆಗಿರಲಿಲ್ಲ, ಆದರೂ ಹಾಗೆ ಓಡುವಳು.

ಶನಿವಾರ ಮಧ್ಯಾಹ್ನ ಊಟದ ಮೇಜಿನಲ್ಲಿ ಸೊಸೆ ಚೀಟಿಯನ್ನು ಬಿಚ್ಚಿಟ್ಟಳು.

“ಒಂಬತ್ತು ಸಲ ನೋಡಿದೆ. ಅತ್ತೆ ಒಂಬತ್ತು ಸಲವೂ ಹೋದರು. ಮೊದಲ ಸಲಕ್ಕೇ ಸರಿಯಾದ ಕೋಣೆಗೆ ಹೋಗಿದ್ದು ಮೂರೇ ಸಲ. ತೀರ ತಡ ಅಂದರೆ ಇಪ್ಪತ್ತಾರು ಸೆಕೆಂಡು.”

“ನಾನು?” ಎಂದ ಮಗ.

“ನಿಮ್ಮ ಎರಡೂ ಕಿವಿ ಚೆನ್ನಾಗಿವೆ. ನಡುಮನೆಯಲ್ಲೇ ಕೂತಿದ್ರಿ. ಒಂದು ಸಲವೂ ಏಳಲಿಲ್ಲ. ಹಾಡು ಕೇಳ್ತಿದ್ರಿ.”

ಮಾವ ಜೋರಾಗಿ ನಗಲು ಹೋಗಿ, ತಾನೂ ಆ ಚೀಟಿಯಲ್ಲಿ ಇರಬಹುದೆಂದು ಹೊಳೆದು ನಿಲ್ಲಿಸಿದ. ಮಗ ತುತ್ತನ್ನು ತಟ್ಟೆಗೇ ಹಾಕಿದ.

ಸೊಸೆ ಅತ್ತೆಯ ಕಡೆ ತಿರುಗಿದಳು. ಅತ್ತೆಯ ಕಣ್ಣು ತುಂಬಿತ್ತು, ಅದು ಸಂತೋಷಕ್ಕಲ್ಲ.

“ಒಂಬತ್ತು ಸಲ ಅಳೋಕೆ ಬಿಟ್ಟೆಯಾ ಕೂಸನ್ನ? ಗಡಿಯಾರ ಹಿಡಿದು ನಿಂತುಕೊಂಡು? ನಾನು ಸುಳ್ಳು ಹೇಳಿದೆ, ತಪ್ಪು ನನ್ನದೇ. ಅದಕ್ಕೆ ಆ ಪಾಪದ ಜೀವ ಏನು ಮಾಡಿತ್ತು?”

ಸೊಸೆ ಚೀಟಿಯನ್ನು ಮಡಿಸಿ ಮಡಿಸಿ ಉಗುರಿನಷ್ಟು ಮಾಡಿದಳು. “ನನಗೂ ಆಗ್ತಿರಲಿಲ್ಲ ಅತ್ತೆ,” ಎಂದಳು ಕೊನೆಗೆ. “ಒಂದೊಂದು ಸಲವೂ ಬಾಲ್ಕನಿ ಕಂಬಿ ಗಟ್ಟಿಯಾಗಿ ಹಿಡ್ಕೊಂಡಿರ್ತಿದ್ದೆ.”

“ಇನ್ನು ಮೇಲೆ ಹಾಗೆ ಮಾಡಬೇಡ.”

“ನೀವೂ ಮುಚ್ಚಿಡಬೇಡಿ. ಎಡಗಿವಿಯಲ್ಲಿ ಒಂದು ಸಣ್ಣ ಸದ್ದು ಬಂದರೂ ಅವತ್ತೇ ಹೇಳಬೇಕು.”

“ಹೇಳ್ತೀನಿ.”

“ಬಾಲ್ಕನಿಗೆ ಚಿಲಕ. ಮೆಟ್ಟಿಲಿಗೆ ಅಡ್ಡ ಒಂದು ಗೇಟು. ನಾನು ಮನೇಲಿಲ್ಲದಾಗ ಆ ಸೆಟ್ಟು ಹಾಕಬಾರದು.” ಕೊನೆಯ ಮಾತನ್ನು ಅವಳು ಗಂಡನ ಕಡೆ ನೋಡಿ ಹೇಳಿದಳು. ಅವನು ಅದೇ ಸಂಜೆ ಲಿಫ್ಟಿನ ಹಳೇ ಜಾಲರಿ ಬಾಗಿಲೊಂದನ್ನು ತಂದು ಮೆಟ್ಟಿಲಿಗೆ ಕೂರಿಸಿದ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಸೊಸೆ ಹೊರಟಳು. ಹಾಲಿನ ಎರಡು ಬಾಟಲಿ ಎಲ್ಲಿದೆ, ಯಾವಾಗ ಯಾವುದು ಎಂದು ಮೂರನೇ ಸಲ ಹೇಳಿದಳು. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಚಪ್ಪಲಿ ಮೆಟ್ಟಿದ್ದೇ ತಡ, ಮಗುವಿಗೆ ಏನು ತಿಳಿಯಿತೋ, ಬಾಯಿ ತೆರೆದು ಚೀರತೊಡಗಿತು. ಮುಖ ಕೆಂಪಾಯಿತು, ಉಸಿರು ಕಟ್ಟಿತು, ಎರಡು ಕೈಯನ್ನೂ ತಾಯಿಯ ಕಡೆ ಚಾಚಿತು. ಸೊಸೆಯ ಕಾಲು ಹೊಸಿಲಲ್ಲೇ ನಿಂತುಬಿಟ್ಟಿತು.

ಅತ್ತೆ ಮಗುವನ್ನು ಎಡಹೆಗಲಿನಿಂದ ಬಲಹೆಗಲಿಗೆ ಬದಲಾಯಿಸಿದಳು. ಮಗು ಅವಳ ಬಲಗಿವಿಗೇ ಬಾಯಿಟ್ಟು ಕಿರುಚಿತು.

“ಹೋಗಮ್ಮಾ ನೀನು,” ಎಂದಳು ಅತ್ತೆ. “ಈ ಕಡೆ ಎಷ್ಟು ಅತ್ತರೂ ನನಗೇನೂ ಆಗಲ್ಲ.”

ಸೊಸೆಗೆ ಅಳುವಿನ ನಡುವೆ ನಗು ಬಂತು. ಜಾಲರಿ ಬಾಗಿಲನ್ನು ಎಳೆದುಕೊಂಡು ಮೆಟ್ಟಿಲಿಳಿದಳು. ಮೂರು ಮಹಡಿ ಇಳಿಯುವವರೆಗೂ, ಬೀದಿ ದಾಟಿ ಬಸ್ಸಿಗೆ ನಿಲ್ಲುವವರೆಗೂ, ಆ ಅಳು ಅವಳ ಎರಡು ಕಿವಿಗೂ ಚೆನ್ನಾಗಿ ಕೇಳಿಸುತ್ತಿತ್ತು.